ಬಿಲ್ಲುಗಾರ್ತಿಗೆ ಕೊಟ್ಟ ಬೂಟು

ಮನೆಯ ಹಜಾರ, ಟಿವಿಯ ಬಲಮಗ್ಗುಲು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಸಪ್ತಸಾಗರಗಳ ಒಡತಿಯೂ, ಸರಕು ಹಡಗಿನ ಇಂಜಿನ್ ಕೋಣೆಯ ಎಣ್ಣೆಮೂತಿಯೂ, ನನಗಿರುವ ಒಬ್ಬಳೇ ಒಬ್ಬಳು ಅಕ್ಕನೂ ಆದ ನಿನಗೆ,

ಹೇಗಿದ್ದೀಯ? ವಾಂತಿ ನಿಂತಿತೇ? ಹಡಗು ಓಲಾಡಿದರೆ ನಿನ್ನ ತಟ್ಟೆಯ ಊಟ ಎದುರು ಕೂತವನ ಮಡಿಲು ಸೇರುತ್ತದೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆಯಲ್ಲ, ಅದನ್ನು ಗಟ್ಟಿಯಾಗಿ ಓದಿದೆ. ನಾನು ನಕ್ಕೆ, ಅಮ್ಮ ಅತ್ತಳು, ಅಪ್ಪ ಕೇಳಿಸದವರಂತೆ ಟೇಬಲ್ ಫ್ಯಾನಿನ ಸ್ಕ್ರೂ ಬಿಗಿ ಮಾಡಿದರು. ಆ ಸ್ಕ್ರೂ ಮೊದಲೇ ಬಿಗಿಯಾಗಿತ್ತು. ಬಿಸಿ ಪೈಪಿನ ಹತ್ತಿರ ಕೈ ಇಡಬೇಡ, ಕೂದಲು ಎತ್ತಿ ಕಟ್ಟು, ಹಣ್ಣು ಸಿಕ್ಕರೆ ಬಿಡಬೇಡ. ಇವು ಅಮ್ಮ ಬರೆಯಲು ಹೇಳಿದ ಮಾತುಗಳು. ಬರೆದಿದ್ದೇನೆ, ನನ್ನ ಜವಾಬ್ದಾರಿ ಮುಗಿಯಿತು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಮುಂದಿನ ಸಾಲಿನಲ್ಲಿ ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ನಾನು ಕ್ಷೇಮವಾಗಿಲ್ಲ, ಅದಕ್ಕೆ ನೇರ ಹೊಣೆ ನೀನು.

ಮೊದಲು ಒಂದು ಸುದ್ದಿ. ಅಪ್ಪನ ಕಾಲು ಉಳುಕಿದೆ ಎಂದು ಅಮ್ಮ ನಿನಗೆ ಫೋನಿನಲ್ಲಿ ಹೇಳಿದಳಲ್ಲ, ಅದು ಉಳುಕಲ್ಲ, ಮುರಿತ. ಯಾರದೋ ಮನೆ ಬಾಗಿಲಿನ ಮೇಲಿನ ಬೋಲ್ಟು ಕಚ್ಚಿಕೊಂಡಿದೆ ಎಂದು ಹೋಗಿ ಸ್ಟೂಲು ಹತ್ತಿದರು. ಬೋಲ್ಟೂ ಬಂತು, ಸ್ಟೂಲೂ ಬಂತು. ಗಾಬರಿಯಾಗಬೇಡ. ಮೂಳೆ ಸರಿಯಾಗಿ ಕೂಡುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿದ್ದಾರೆ. ಅದರ ಮೇಲೆ ನಾನು ದೊಡ್ಡದೊಂದು ಬೀಗದ ಚಿತ್ರ ಬಿಡಿಸಿ, ಕೆಳಗೆ ‘ಕೀ ಕಳೆದಿದೆ’ ಎಂದು ಬರೆದು ಸಹಿ ಹಾಕಿದ್ದೇನೆ. ನೋಡಲು ಬಂದವರೆಲ್ಲ ಕಾಲನ್ನು ಬಿಟ್ಟು ಚಿತ್ರವನ್ನೇ ವಿಚಾರಿಸುತ್ತಾರೆ. ಮುಂದಿನ ಕೋಣೆಯ ಬೀಗ ರಿಪೇರಿ ಅಂಗಡಿ ಮುಚ್ಚಿದೆ. ಬೀಗದವರು ಸುಮ್ಮನೆ ಕೂರುವ ಜಾತಿಯಲ್ಲ ಎಂದು ನಿನಗೆ ಗೊತ್ತು. ಕೀ ಕೊರೆಯುವ ಮೆಷೀನನ್ನು ನನ್ನ ಸೊಂಟ ಮುರಿಸಿ ಹಜಾರಕ್ಕೆ ಹೊರಿಸಿದರು. ಅದೀಗ ಟೀಪಾಯಿಯ ಮೇಲೆ ಕೂತಿದೆ, ನಾವು ಕಾಫಿ ಲೋಟವನ್ನು ನೆಲದ ಮೇಲೆ ಇಡುತ್ತೇವೆ. ಮನೆಯ ಕಪಾಟು, ಟ್ರಂಕು, ಅಮ್ಮನ ಹೊಲಿಗೆ ಡಬ್ಬಿ, ಬೀಗ ಇರುವುದಕ್ಕೂ ಇಲ್ಲದ್ದಕ್ಕೂ ಹೊಸ ಕೀ ಆದವು. ಆಮೇಲೆ ಅವರ ಕಣ್ಣು ನಿನ್ನ ಆಸ್ತಿಯ ಮೇಲೆ ಬಿತ್ತು.

ನೀನು ಹೋಗುವಾಗ ನನಗೆ ಬಿಟ್ಟದ್ದು ನೆನಪಿದೆಯಷ್ಟೆ. ಟಿವಿಗೆ ಸಿಕ್ಕಿಸಿ ಆಡುವ, ಮುಚ್ಚಳ ನಿಲ್ಲದ ಒಂದು ಮುದಿ ಗೇಮ್ ಪೆಟ್ಟಿಗೆ, ಆ ಮುಚ್ಚಳದ ಮೇಲೆ ಭಾರಕ್ಕಿಡುವ ನಿಘಂಟು, ಒಂದಷ್ಟು ಆಟದ ಡಿಸ್ಕು, ಒಂದು ಮೆಮೊರಿ ಕಾರ್ಡು, ಮತ್ತು ಒಂದು ತೀರ್ಪು. ತೀರ್ಪು ಹೀಗಿತ್ತು: ಈ ಪೆಟ್ಟಿಗೆಗೆಂದು ಮಾಡಿದ ಪಾತ್ರಧಾರಿ ಆಟಗಳಲ್ಲೆಲ್ಲ ಶ್ರೇಷ್ಠವಾದದ್ದು ‘ಗಾಳಿಪಟ್ಟಣ’, ಅದರ ಹಿಂದೆ ‘ಮೂರು ಚಂದ್ರ’, ಬಹಳ ಹಿಂದೆ ‘ಹಿಮಕೋಟೆ’, ಉಳಿದವೆಲ್ಲ ಕತ್ತಿ ಬೀಸುವ ಕಸರತ್ತು. ಅದರಲ್ಲೂ ಗಾಳಿಪಟ್ಟಣವನ್ನು ನನಗೆ ಮುಟ್ಟಲು ಕೊಡಲಿಲ್ಲ ನೀನು. ಅದಕ್ಕೆ ನನ್ನ ಬುದ್ಧಿ ಇನ್ನೂ ಬಲಿಯಬೇಕು ಅಂದಿದ್ದೆ. ಬುದ್ಧಿ ಬಲಿಯಲಿ ಎಂದು ನಾನು ಕಾಯುತ್ತಿರುವಾಗ ಅಪ್ಪ ಆ ಮುಚ್ಚಳದ ಕೊಂಡಿಗೆ ಹಿತ್ತಾಳೆಯ ತುಂಡೊಂದನ್ನು ಅರೆದು ಕೂರಿಸಿದರು. ಟಕ್ ಎಂದು ಕೂತಿತು. ನಿಘಂಟು ಇಷ್ಟು ವರ್ಷಗಳ ಮೇಲೆ ಕಪಾಟು ಸೇರಿತು. ಸರಿಯಾಗಿದೆಯೋ ನೋಡೋಣ, ಏನಾದರೂ ಒಂದು ಹಾಕು ಎಂದರು. ನಾನೇನು ಹಾಕಬಹುದಿತ್ತೋ ನೀನೇ ಊಹಿಸು.

ಆಟ ಶುರುವಿನಲ್ಲೇ ಹೆಸರು ಕೇಳುತ್ತದಲ್ಲ. ಅಪ್ಪನನ್ನು ಕೆಣಕೋಣವೆಂದು ಕತ್ತಿ ಹಿಡಿದ ನಾಯಕನಿಗೆ ಅಪ್ಪ ಎಂದೇ ಹಾಕಿದೆ. ಗಾಯಕ್ಕೆ ಮದ್ದು ಕೊಡುವವಳು ಅಮ್ಮ. ಎಲ್ಲರ ಜೇಬಿಗೂ ಕೈ ಹಾಕುವ ಕಳ್ಳಿ ನಾನು. ಬಿಲ್ಲು ಹಿಡಿದು, ಯಾರ ಮಾತೂ ಕೇಳದೆ, ಮುಖ ಗಂಟಿಕ್ಕಿಕೊಂಡು ನಡೆಯುವ ಉದ್ದನೆಯವಳೊಬ್ಬಳು ಇದ್ದಳು. ಅವಳಿಗೆ ಬೇರೆ ಯಾವ ಹೆಸರು ಹೊಂದೀತು? ಅಕ್ಕ ಎಂದು ಹಾಕಿದೆ. ಅಪ್ಪ ನೋಡಿದರು, ಸರಿ, ಮುಂದೆ ಒತ್ತು ಅಂದರು. ಕುಚೇಷ್ಟೆ ಫಲಿಸಲಿಲ್ಲ ಎಂದು ನನಗೆ ಬೇಜಾರಾಯಿತು.

ಅಂದಿನಿಂದ ನನ್ನ ಗೋಳು. ಆಟದ ಮಾತೆಲ್ಲ ಇಂಗ್ಲಿಷಿನಲ್ಲಿ, ಅಪ್ಪನಿಗೆ ಅದು ಬಾರದು, ಹಾಗಾಗಿ ಓದಿ ಹೇಳುವ ಸೇವೆ ನನ್ನದು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಅವರು ಮಾತಾಡಿಸುತ್ತಾರೆ. ಬಾವಿಕಟ್ಟೆಯ ಮುದುಕಿಯನ್ನು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಅವಳು ಹೇಳಿದ್ದನ್ನೇ ಹೇಳುತ್ತಾಳೆ, ನಾನು ಓದಿದ್ದನ್ನೇ ಓದುತ್ತೇನೆ, ಪಾಪ ಅವಳಿಗೆ ಮರೆವು ಎಂದು ಅಪ್ಪ ಕನಿಕರ ಪಡುತ್ತಾರೆ. ಇದನ್ನಾದರೂ ಸಹಿಸಬಹುದು. ಪೆಟ್ಟಿಗೆಗಳ ವಿಷಯ ಕೇಳು. ಯಾರ ಮನೆಗೆ ನುಗ್ಗಿದರೂ ಮೂಲೆಯಲ್ಲೊಂದು ಪೆಟ್ಟಿಗೆ ಇರುತ್ತದೆ, ತೆರೆದು ಇದ್ದದ್ದನ್ನು ಬಾಚಿಕೊಂಡು ಹೊರಡುವುದು ನಾಯಕನ ಧರ್ಮ. ಈ ಧರ್ಮವನ್ನು ನನಗೆ ಕಲಿಸಿದವಳೇ ನೀನು. ಅಪ್ಪ ಒಂದೇ ಒಂದನ್ನೂ ಮುಟ್ಟುವುದಿಲ್ಲ. ಅದಕ್ಕೆ ಬೀಗವೇ ಇಲ್ಲ, ತೆಗೆಯಿರಿ ಅಂದೆ. “ಬೀಗ ಹಾಕಿಲ್ಲ ಅಂದ್ರೆ ನಮ್ಮನ್ನ ನಂಬಿದಾರೆ ಅಂತ ಅರ್ಥ,” ಅಂದರು. “ಹಾಕಿದ್ರೆ ಬೇಕಾದ್ರೆ ಯೋಚ್ನೆ ಮಾಡ್ಬೋದಿತ್ತು.” ಹೀಗೆ ಲೋಕವನ್ನು ಉದ್ಧಾರ ಮಾಡಲು ಹೊರಟ ನಮ್ಮ ಪರಿವಾರ ಹರಕು ಅಂಗಿಯಲ್ಲಿ ಊರೂರು ಅಲೆಯಿತು. ಸಿಕ್ಕ ಸಾಮಾನು ಎಂದರೆ, ರಾಕ್ಷಸರು ಸಾಯುವಾಗ ಬೀಳಿಸಿದ್ದು, ಮತ್ತೆ ಜನ ಕರೆದು ಕೊಟ್ಟದ್ದು. ಬಾವಿಕಟ್ಟೆಯ ಮುದುಕಿ ಒಂದು ಜೊತೆ ಬೂಟು ಕೊಟ್ಟಳು. ಪದೇ ಪದೇ ಮಾತಾಡಿಸಿದವರಿಗೆ ಕೊಡುತ್ತಾಳಂತೆ. ಅಪ್ಪ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ನಿನ್ನ ತೀರ್ಪಿನ ಮೇಲೂ ಮೇಲ್ಮನವಿ ನಡೆದಿದೆ, ತಿಳಿದಿರಲಿ. ನಡುವೆ ಬೇಜಾರಾದಾಗ ಉಳಿದೆರಡನ್ನೂ ಹಾಕಿಸಿ ನೋಡಿದರು. ಮೂರು ಚಂದ್ರದಲ್ಲಿ ಯಾವ ಬಾಗಿಲಿಗಾದರೂ ಒಂದೇ ಕೀ ಸಾಕು ಎಂದು ಗೊತ್ತಾದ ಕ್ಷಣ ರಿಮೋಟು ಕೆಳಗಿಟ್ಟರು. ಅದನ್ನು ಮಾಡಿದವನು ಬಾಡಿಗೆ ಮನೆಯಲ್ಲೂ ಇದ್ದವನಲ್ಲವಂತೆ. ಅದು ರಿಮೋಟಲ್ಲ, ಕಂಟ್ರೋಲರು ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಹಿಮಕೋಟೆಯಲ್ಲಿ ಎಲ್ಲರೂ ಬರೀ ಅರಚುತ್ತಾರೆ, ಯಾರೂ ಊಟ ಮಾಡುವುದಿಲ್ಲ ಎಂದು ಅಮ್ಮನ ಆಕ್ಷೇಪ. ಅವಳಿಗೂ ಗಾಳಿಪಟ್ಟಣವೇ ಶ್ರೇಷ್ಠ, ಆದರೆ ಅಲ್ಲಿನ ವಸತಿಗೃಹದ ಸಂಗೀತಕ್ಕಾಗಿ. ಯುದ್ಧ ಬಿಟ್ಟು ಹೋಗಿ ಮಲಗಿಸಿ ಎಂದು ಅಡುಗೆಮನೆಯಿಂದ ಕೂಗುತ್ತಾಳೆ, ಅಪ್ಪ ಇಡೀ ಸೈನ್ಯವನ್ನು ಮಲಗಿಸುತ್ತಾರೆ. ಯಾರಿಗೂ ಒಂದು ಗೀರು ಗಾಯವೂ ಆಗಿರುವುದಿಲ್ಲ. ಒಟ್ಟಿನಲ್ಲಿ ನಿನ್ನ ಮೊದಲ ಸ್ಥಾನ ಉಳಿದುಕೊಂಡಿತು. ಕಾರಣಗಳು ಮಾತ್ರ ನಿನ್ನ ಹೊಟ್ಟೆ ಉರಿಸುವಂಥವು.

ಈಗ ಮುಖ್ಯ ದೂರಿಗೆ ಬರುತ್ತೇನೆ. ಕುರ್ಚಿಯಲ್ಲಿದ್ದರೆ ನೆಟ್ಟಗೆ ಕೂತುಕೋ.

ಹೋದ ವಾರ ನಮ್ಮ ಪರಿವಾರ ಬಂದರಿಗೆ ಬಂತು. ಹಡಗು ನಿಂತಿತ್ತು. ಬಿಲ್ಲುಗಾರ್ತಿ ಗುಂಪಿನಿಂದ ನಾಲ್ಕು ಹೆಜ್ಜೆ ಆಚೆ ನಿಂತು ನೀರು ನೋಡುತ್ತಿದ್ದಳು. ಹಿನ್ನೆಲೆಯ ಪಿಟೀಲು ಬೇರೆ ಕೊಯ್ಯಲು ಶುರುಮಾಡಿತು. ಇಂಥ ಆಟ ಒಂದನ್ನಾದರೂ ಆಡಿದವರಿಗೆ ಇದರ ಅರ್ಥ ಗೊತ್ತು. ಅವಳು ಈಗ ಬಿಟ್ಟು ಹೋಗುತ್ತಾಳೆ, ಮೈಮೇಲೆ ಇದ್ದದ್ದೆಲ್ಲ ಅವಳ ಜೊತೆಗೇ ಹೋಗುತ್ತದೆ. ಹೋಗುವವರ ಸಾಮಾನು ಮೊದಲೇ ಕಳಚಿಟ್ಟುಕೊಳ್ಳಬೇಕು. ನೀನು ನನಗೆ ಹೇಳಿಕೊಟ್ಟ ಮೊದಲ ಪಾಠವೇ ಇದು. ನಾನು ಗಂಭೀರವಾಗಿ ಎದ್ದು ನಿಂತು, ಅಪ್ಪಾ, ಇವಳು ಹೋಗ್ತಾಳೆ, ಬಿಲ್ಲೊಂದು ಬಿಟ್ಟು ಉಳಿದದ್ದೆಲ್ಲ ತೆಗೆದಿಟ್ಕೊಳ್ಳಿ ಅಂದೆ.

ಅಪ್ಪ ಆಟ ನಿಲ್ಲಿಸಿದರು. ಕನ್ನಡಕ ಒರೆಸಿಕೊಂಡರು. ಆಮೇಲೆ ಒಬ್ಬೊಬ್ಬರ ಸಾಮಾನಿನ ಪಟ್ಟಿಯನ್ನೇ ತೆರೆದರು. ಅಮ್ಮನ ಕಾಲಿನಿಂದ ಮುದುಕಿಯ ಬೂಟು ಬಿಚ್ಚಿ ಬಿಲ್ಲುಗಾರ್ತಿಗೆ ತೊಡಿಸಿದರು. ನನ್ನ ಬೆರಳಿನಿಂದ ವಿಷ ತಾಗದ ಉಂಗುರ ಕಿತ್ತು ಅವಳಿಗೆ ಕೊಟ್ಟರು. ತಮ್ಮ ಕವಚ, ತಮ್ಮ ಕಂಬಳಿ, ಚಳಿಗೆಂದು ಇಟ್ಟುಕೊಂಡಿದ್ದ ಟೊಪ್ಪಿ, ಎಲ್ಲ ಅವಳಿಗೇ ಹೋಯಿತು. ನಾಯಕನೆಂಬ ನಾಯಕನ ಕೈಯಲ್ಲಿ ಉಳಿದದ್ದು ಶುರುವಿನಲ್ಲಿ ಕೊಡುತ್ತಾರಲ್ಲ, ಆ ಮರದ ಕತ್ತಿ. ನಾನು ಬಾಯಿ ಬಡಿದುಕೊಂಡೆ. ಇದು ಆತ್ಮಹತ್ಯೆ ಅಂದೆ, ಮೂರ್ಖತನ ಅಂದೆ, ಇಷ್ಟು ದಿನ ನಾನು ಓದಿದ್ದೆಲ್ಲ ನೀರುಪಾಲು ಅಂದೆ. ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು:

“ದೂರ ಹೋಗೋಳನ್ನ ಬರಿಗೈಯಲ್ಲಿ ಕಳಿಸ್ತಾರೇನೇ?”

ಅದಕ್ಕೆ ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು, ಅಕ್ಕ. ಅಂಗಡಿ ನೋಡಿಕೊಳ್ಳುವವರು ಯಾರು ಎಂದು ಅಷ್ಟು ದಿನ ಮಾತು ಬಿಟ್ಟವರು, ನೀನು ಬ್ಯಾಗು ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತಾಗ ತಿರುಗಿ ಕೂತು ಮೆಷೀನು ಓಡಿಸಿದರಲ್ಲ. ನೀನು ಹೋಗ್ತೀನಿ ಅಂದದ್ದು ಆ ಗರಗರದಲ್ಲಿ ಕೇಳಿಸಲಿಲ್ಲವೆಂದು ನಟಿಸಿದರಲ್ಲ. ನೀನು ಬೀದಿ ತಿರುಗಿದ ಮೇಲೆ ನಾನು ಹತ್ತಿರ ಹೋಗಿ ನೋಡಿದ್ದೆ. ಮೆಷೀನಿನಲ್ಲಿ ಕೀ ಇರಲಿಲ್ಲ, ಬರಿದೇ ತಿರುಗುತ್ತಿತ್ತು. ಇದನ್ನು ನಿನಗೆ ಹೇಳಿರಲಿಲ್ಲ, ಹೇಳಿ ಏನುಪಯೋಗ ಎಂದು. ಬಂದರಿನ ದಿನ ಅಪ್ಪನಿಗೂ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಬಾಯಿಗೆ ಬಂದ ಮಾತನ್ನು ನುಂಗಿದ್ದು ಅದೇ ಮೊದಲು, ಹೊಟ್ಟೆಯಲ್ಲಿ ಇನ್ನೂ ಕರಗಿಲ್ಲ. ಅಮ್ಮ ಹೊಲಿಯುತ್ತಿದ್ದದ್ದನ್ನು ಕೆಳಗಿಟ್ಟು ಅಡುಗೆಮನೆಗೆ ಹೋದಳು. ನಲ್ಲಿ ಬಹಳ ಹೊತ್ತು ಸುರಿಯಿತು, ಪಾತ್ರೆಯ ಸದ್ದು ಮಾತ್ರ ಬರಲಿಲ್ಲ.

ಬಿಲ್ಲುಗಾರ್ತಿ ಹಡಗು ಹತ್ತಿದಳು. ಮುದುಕಿಯ ಬೂಟು ಹಾಕಿಕೊಂಡು, ನಮ್ಮೆಲ್ಲರ ಬಟ್ಟೆ ಹೇರಿಕೊಂಡು, ಹಿಂತಿರುಗಿಯೂ ನೋಡದೆ. ನಿನ್ನ ಹೆಸರಿಗೆ ತಕ್ಕವಳೇ.

ಈಗ ನಮ್ಮ ಸ್ಥಿತಿ ಕೇಳು. ಬಂದರು ದಾಟಿದರೆ ಮೊದಲ ಬಾವಲಿಗೇ ಮೂವರೂ ಸಾಯುತ್ತೇವೆ. ಪೆಟ್ಟಿಗೆ ತೆಗೆಯುವ ಹಾಗಿಲ್ಲ. ಹಾಗಾಗಿ ಮುಂದೆ ಹೋಗುವುದೇ ಇಲ್ಲ. ಅಪ್ಪ ಬೆಳಿಗ್ಗೆ ಆಟ ಹಾಕುತ್ತಾರೆ, ನಾಯಕನನ್ನು ಕಟ್ಟೆಯ ತುದಿಗೆ ನಡೆಸಿಕೊಂಡು ಹೋಗಿ ನಿಲ್ಲಿಸುತ್ತಾರೆ, ಕಂಟ್ರೋಲರನ್ನು ಪ್ಲಾಸ್ಟರಿನ ಮೇಲೆ ಇಟ್ಟು ಯಾರದೋ ಬೀಗ ಬಿಚ್ಚುತ್ತಾ ಕೂರುತ್ತಾರೆ. ಆಗಾಗ ತಲೆಯೆತ್ತಿ ಸಮುದ್ರ ನೋಡುತ್ತಾರೆ. ಅಲೆ ಬರುತ್ತದೆ, ಹೋಗುತ್ತದೆ, ಪಿಟೀಲು ಕೊಯ್ಯುತ್ತದೆ. ದಿನವಿಡೀ ಅದೇ ರಾಗ. ನಾನು ಹಲ್ಲುಜ್ಜುವಾಗಲೂ ಅದೇ, ಪಕ್ಕದ ಮನೆಯ ಮಗು ತೊಟ್ಟಿಲಲ್ಲಿ ಗುನುಗುವುದೂ ಅದೇ. ಬೇರೆ ಆಟ ಹಾಕೋಣ ಅಂದರೆ ಬೇಡ. ಮೊದಲಿಂದ ಶುರು ಮಾಡೋಣ, ಈ ಸಲ ಎಲ್ಲ ತೆಗೆದಿಟ್ಟುಕೊಳ್ಳೋಣ ಅಂದರೆ, ನನ್ನನ್ನು ಮನೆಗೆ ನುಗ್ಗಿದ ಕಳ್ಳನನ್ನು ನೋಡುವ ಹಾಗೆ ನೋಡುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಬ್ಬ ಅವಳು ಬರುತ್ತಾಳೆ ಅನ್ನುತ್ತಾನೆ, ಒಬ್ಬ ಬರುವುದೇ ಇಲ್ಲ ಅನ್ನುತ್ತಾನೆ, ಮೂರನೆಯವನು ಇಬ್ಬರ ವಂಶವನ್ನೂ ಬೈದಿದ್ದಾನೆ. ಅಪ್ಪನಿಗೆ ಹೇಳಿದರೆ ಊರವರ ಮಾತು ನಮಗೆ ಬೇಡ ಅಂದರು.

ಮೊನ್ನೆ ಸ್ಪ್ರಿಂಗು ಹುಡುಕುತ್ತಿರುವವರಂತೆ ತಲೆ ತಗ್ಗಿಸಿಕೊಂಡು, ಈ ಆಟ ಪೂರ್ತಿ ಆಡಿದವರು ಯಾರೂ ಇಲ್ವಾ ಎಂದು ಕೇಳಿದರು. ಈ ಮನೆಯಲ್ಲಿ ಅದನ್ನು ಪೂರ್ತಿ ಆಡಿದವರು ಯಾರೆಂದು ಅವರಿಗೆ ಗೊತ್ತಿಲ್ಲವೇ? ಕರೆಂಟು ಬಿಲ್ಲು ಹಿಡಿದು ನಿನ್ನನ್ನು ಬೈದವರೇ ಅವರು. ಕಾರ್ಡಿನಲ್ಲಿ ಅಕ್ಕ ಸೇವ್ ಮಾಡಿದ ಆಟ ಇದೆ, ಕೊನೆಯ ತನಕ ಆಡಿದ್ದಾಳೆ, ಬಿಲ್ಲುಗಾರ್ತಿ ಗುಂಪಿನಲ್ಲಿ ಇದ್ದಾಳೋ ಇಲ್ಲವೋ ತೆರೆದು ನೋಡೋಣ ಅಂದೆ. ಅವರ ಕೈ ಅರ್ಧದವರೆಗೆ ಹೋಯಿತು, ನಾನು ಕಣ್ಣಾರೆ ಕಂಡೆ. ಆಮೇಲೆ ಹಿಂದೆ ಬಂತು. “ಅವಳ ಪೆಟ್ಟಿಗೆ. ಅವಳಿಲ್ದಾಗ ತೆಗೀಬಾರ್ದು.” ನಾನು ಕದ್ದು ನೋಡುತ್ತೇನೆಂದು ಗುಮಾನಿ, ಅಂದಿನಿಂದ ಆಟ ಆರಿಸಿದ ಕೂಡಲೇ ಕಾರ್ಡು ಅವರ ಅಂಗಿಯ ಜೇಬು ಸೇರುತ್ತದೆ. ಗುಮಾನಿ ನಿಜವೇ.

ಆದ್ದರಿಂದ, ಶ್ರೇಷ್ಠ ಆಟ ಯಾವುದೆಂದು ಜಗತ್ತಿಗೆ ಸಾರಿದ ಮಹಾತಾಯಿಯೇ, ನಿನ್ನ ತೀರ್ಪಿನ ಫಲವನ್ನು ನಿನ್ನ ನಿರಪರಾಧಿ ತಂಗಿ ಅನುಭವಿಸುತ್ತಿದ್ದಾಳೆ ಎಂಬುದು ಗಮನದಲ್ಲಿರಲಿ. ಅಮ್ಮನ ಆಶೀರ್ವಾದ ಲಕೋಟೆಯಲ್ಲಿ ಹಿಡಿಸದಷ್ಟಿದೆ. ಅಪ್ಪ ಏನಾದರೂ ಹೇಳುತ್ತೀರಾ ಎಂದು ಕೇಳಿದೆ. ಹಡಗಿನ ಇಂಜಿನ್ ಕೋಣೆಗೆ ಬೀಗ ಯಾವ ತರದ್ದು ಅಂತ ಕೇಳು ಅಂದರು. ಕೇಳಿದ್ದೇನೆ.

ಇಂತು, ಪಿಟೀಲಿನಿಂದ ಕಿವಿ ಕಳೆದುಕೊಂಡ,
ನಿನ್ನ ಕಳ್ಳಿ

ಮರೆತಿದ್ದೆ: ಬಿಲ್ಲುಗಾರ್ತಿ ವಾಪಸು ಬರುತ್ತಾಳೋ ಇಲ್ಲವೋ, ಅದನ್ನು ನನಗೆ ಬರೆಯಬೇಡ. ಮುಂದಿನ ಬಂದರಿನಲ್ಲಿ ಇಳಿದಾಗ ಅಪ್ಪನಿಗೇ ಫೋನ್ ಮಾಡಿ ಹೇಳು. ಅಮ್ಮನ ನಂಬರಿಗಲ್ಲ, ಅಪ್ಪನ ನಂಬರಿಗೆ. ಎತ್ತುತ್ತಾರೆ, ಫೋನು ಈಗ ಕಂಟ್ರೋಲರಿನ ಪಕ್ಕದಲ್ಲೇ ಇರುತ್ತದೆ. ಎತ್ತಿದ ಕೂಡಲೇ ಮೆಷೀನಿನ ಗರಗರ ಕೇಳಿಸಬಹುದು. ಇಟ್ಟುಬಿಡಬೇಡ, ಅಕ್ಕ. ಅದರಲ್ಲಿ ಕೀ ಇರುವುದಿಲ್ಲ. ನಿಲ್ಲಿಸುವ ತನಕ ಕಾಯು.