ನಕ್ಷೆಯಲ್ಲಿಲ್ಲದ ಹೊರೆ

ಮಕ್ತುಮ ಕಾಕಾ,

ನೀವು ಹೋಗಿ ಎರಡು ಮಳೆಗಾಲ ಕಳೆದವು. ನಾನು ಕಾಗದ ಬರೆಯುವವನಲ್ಲ, ವರದಿ ಬರೆಯುವವನು. ಇದನ್ನೂ ಹಾಗೇ ಓದಿಕೊಳ್ಳಿ.

ಮುಗದದ ಕವಲು ಕಾಲುವೆಗೆ ನಡೆದಾಡುವ ಸಣ್ಣ ಸೇತುವೆ, ನಿಮ್ಮ ಮಾತಿನ ಪೂಲು, ಕಟ್ಟಿದ ದಿನಗಳು ನೆನಪಿವೆಯೇ? ನೀವು ಗೌಂಡಿ, ನಾನು ಆಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರ್. ಗಾರೆಯ ಹದ ನೋಡಲು ಕಲಿಸಿದ್ದೇ ನೀವು. ಆದರೂ ಒಂದು ತುದಿಯ ಗೋಡೆಯನ್ನು ನೀವು ಕುತ್ತಿಗೆಮಟ್ಟ ಏರಿಸಿದ್ದು ಕಂಡು ನನಗೆ ಸಿಟ್ಟು ಬಂತು. ಉಳಿದ ಕಟ್ಟೆಯೆಲ್ಲ ಸೊಂಟದೆತ್ತರ. ನಕ್ಷೆ ಬಿಚ್ಚಿ ಮುಂದೆ ಹಿಡಿದೆ.

“ಸಾಹೇಬ್ರ, ನಿಮ್ಮ ನಕ್ಷಾದಾಗ ಹೊರಿ ಇಲ್ಲರಿ,” ಅಂದಿರಿ.

ಯಾವ ಹೊರೆ ಎಂದು ಕೇಳಬಹುದಿತ್ತು. ಗೋಪನಕೊಪ್ಪದ ಪೇಟೆ ಓಣಿಯಲ್ಲಿ ಬೆಳೆದವನು, ತಲೆಹೊರೆ ಅರಿಯದವನು; ಕೇಳಲಿಲ್ಲ, ಒಡೆಯಿರಿ ಎಂದೆ. ನೀವೇ ಕಟ್ಟಿದ್ದನ್ನು ನೀವೇ ಒಡೆದು, ಗಿಲಾವು ಮಾಡಿ, ಕೈ ತೊಳೆದು ಚಹಾಕ್ಕೆ ಬಂದಿರಿ. ಆಮೇಲೆ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ...

ಮೊನ್ನೆ ಪೂಲಿನ ದುರಸ್ತಿಗೆಂದು ನೋಡಲು ಹೋಗಿದ್ದೆ. ಅಜ್ಜಿಯೊಬ್ಬಳು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಸುಮ್ಮನೆ ನಿಂತಿದ್ದಳು. ಇಳಿಸಿ, ಮತ್ತೆ ಎತ್ತಿಕೊಡಲು ಯಾರಾದರೂ ಬರಲಿ ಎಂದು ಕಾಯುತ್ತಿದ್ದಳಂತೆ. ಇಳಿಸಿದೆ. ಕುತ್ತಿಗೆ ತಿಕ್ಕಿಕೊಳ್ಳುತ್ತ ಕಾಲುವೆಯ ಕಥೆ ಹೇಳಿದಳು. ಮೊದಲು ಇಲ್ಲಿ ಬರೀ ಹೊಲದ ದಾರಿ, ಬದಿಗೊಂದು ಹೊರೆಗಲ್ಲು. ಯಾರ ನೆರವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಂಡು ಹೋಗುತ್ತಿದ್ದರು. ಕೆರೆಯ ನೀರನ್ನು ಭತ್ತದ ಗದ್ದೆಗೆ ಒಯ್ಯಲು ಕಾಲುವೆ ಅಗೆದಾಗ ಕಲ್ಲು ಹೋಯಿತು.

“ಗೌಂಡಿ ಸಾಬ ಒಂದು ಗ್ವಾಡಿ ಕಟ್ಟಿದ್ದ, ನನ್ನನ್ನ ನಿಂದ್ರಿಸಿ ಅಳತಿ ತೊಗೊಂಡು. ಯಾವ ಪುಣ್ಯಾತ್ಮ ಒಡಿಸಿದ್ನೋ,” ಅಂದಳು.

ಆ ಪುಣ್ಯಾತ್ಮ ನಾನೇ. ಹೊರೆ ಎತ್ತಿಕೊಟ್ಟೆ. ಭಾರವಿತ್ತು, ಕಾಕಾ. ನಾಚಿಕೆಯಾಯಿತು. ನೀವಿದ್ದಾಗಲೇ ಆಗಬೇಕಿತ್ತಲ್ಲವೇ?

ಸುದ್ದಿ ಇಷ್ಟೇ: ದುರಸ್ತಿಯ ನಕ್ಷೆಯಲ್ಲಿ ಆ ತುದಿಗೆ ಗೋಡೆ ಬರೆದು, ಪಕ್ಕದಲ್ಲಿ ‘ಹೊರೆಗಲ್ಲು’ ಎಂದು ಸೇರಿಸಿದ್ದೇನೆ. ಇದೇಕೆ ಎಂದು ಮೇಲಿನ ಸಾಹೇಬರು ಎರಡು ಸಲ ಕೇಳಿದರು, ಎರಡು ಸಲವೂ ಹೇಳಿದೆ, ಮಂಜೂರಾಯಿತು. ನಿಮ್ಮ ಗೋಡೆಯ ಎತ್ತರ ನನ್ನ ಹಳೆಯ ವರದಿಯಲ್ಲೇ ಸಿಕ್ಕಿತು, ತಪ್ಪು ಎಂದು ಗೀಟು ಎಳೆದಿದ್ದ ಸಾಲಿನಲ್ಲಿ. ಅಷ್ಟನ್ನೇ ಇಟ್ಟಿಲ್ಲ, ಬೇಸರಿಸಬೇಡಿ. ಅಜ್ಜಿಯನ್ನು ನಿಲ್ಲಿಸಿ ಅಳೆದೆ, ಈಗ ಬಾಗಿದ್ದಾಳೆ. ನಾಲ್ಕು ಬೆರಳು ಇಳಿಸಿದ್ದೇನೆ.