ಅತ್ತೆ ಕೇಳಿದ ‘ಆಮೇಲೆ?’

ಅತ್ತೆ,

ನೀವು ಸ್ನಾನಕ್ಕೆ ಹೋಗಿದ್ದೀರಿ, ನನಗೆ ಬಸ್ಸು ತಪ್ಪುತ್ತದೆ, ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ. ನಲ್ಲಿ ರಿಪೇರಿಯವರು ಬಂದರೆ ಸೋರುತ್ತಿರುವುದನ್ನು ನೀವೇ ತೋರಿಸಿ. ನಿಮ್ಮ ಮಗನಿಗೆ ವಹಿಸಬೇಡಿ, ಮರೆತೇಬಿಡುತ್ತಾರೆ.

ಇವತ್ತಿನ ಭಾಷಣ ಸ್ಪರ್ಧೆಯಲ್ಲಿ ನನ್ನ ಸಂಶೋಧನೆ ಏನೆಂದು ತುಂಬಿದ ಸಭೆಗೆ ಮೂರೇ ನಿಮಿಷದಲ್ಲಿ ಹೇಳಬೇಕು. ‘ರಾಸಾಯನಿಕ ಸಂಕೇತಗಳು’ ಎಂದು ಶುರುವಾಗುತ್ತಿದ್ದ ಹಳೆಯ ಭಾಷಣವನ್ನು ಹರಿದುಹಾಕಿದೆ. ಅದನ್ನು ಕೇಳಿ ನಿಮ್ಮ ಮಗ ಆಕಳಿಸಿದ್ದರು. ನೀವಂತೂ “ಇರುವೆ ನೋಡೋಕೆ ಇಷ್ಟು ವರ್ಷ ಓದ್ಬೇಕಾ?” ಅಂದಿರಿ. ಮೈಯೆಲ್ಲ ಉರಿದುಹೋಗಿತ್ತು, ಈಗ ಹೇಳುತ್ತಿದ್ದೇನೆ.

ನಿನ್ನೆ ನೀವು ಬಟಾಣಿ ಬಿಡಿಸುತ್ತಿದ್ದಾಗ ಹೊಸದನ್ನು ಹೇಳಿದೆನಲ್ಲ: “ನಮ್ಮತ್ತೆ ದಿನಾ ಒದ್ದೆ ಬಟ್ಟೆ ತಗೊಂಡು ಇರುವೆ ಸಾಲನ್ನ ಒರೆಸ್ತಾರೆ. ಮುಂದೆ ಹೋದ ಇರುವೆ ಬಿಟ್ಟ ವಾಸನೆಯೇ ಹಿಂದೆ ಬರೋ ಇರುವೆಗೆ ದಾರಿ. ಆ ದಾರಿಯೇ ಅಳಿಸಿಹೋದ್ರೆ...” ಉಸಿರು ತೆಗೆದುಕೊಳ್ಳಲು ಅಲ್ಲಿ ನಿಂತೆ. ನೀವು ಕೈಲಿದ್ದ ಬಟಾಣಿ ಬಿಟ್ಟು “ಆಮೇಲೆ? ಗೂಡು ಸಿಕ್ತಾ ಅವಕ್ಕೆ?” ಅಂದಿರಿ. ಇನ್ನು ಒಂದಕ್ಷರವನ್ನೂ ಬದಲಿಸಬಾರದೆಂದು ಆಗಲೇ ತೀರ್ಮಾನಿಸಿದೆ. ಸಂಶೋಧನೆಗೆ ಮಾರ್ಗದರ್ಶನ ಮಾಡುವ ನಮ್ಮ ಮೇಷ್ಟ್ರು ಏನಾದರೂ ಹೇಳಿಕೊಳ್ಳಲಿ.

ಬಹುಮಾನವನ್ನು ಯಾರಿಗೆ ಬೇಕಾದರೂ ಕೊಡಲಿ. ನಾನಂತೂ ಗೆದ್ದಾಯಿತು. ಬೆಳಿಗ್ಗೆ ಸಕ್ಕರೆ ಡಬ್ಬದ ಪಕ್ಕ ಇರುವೆ ಸಾಲಿತ್ತು, ನಿಮ್ಮ ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ಬಗ್ಗಿ ನೋಡಿದಿರಿ. ಡಬ್ಬವನ್ನಷ್ಟೇ ಎತ್ತಿ ಮೇಲಿಟ್ಟು, ಬಟ್ಟೆಯನ್ನು ಹಾಗೇ ಮೊಳೆಗೆ ನೇತುಹಾಕಿದಿರಿ.

ನಾನು ಬಾಗಿಲ ಹಿಂದೆಯೇ ಇದ್ದೆ, ಅತ್ತೆ.