ಎಣಿಸದೆ ಬಿಟ್ಟ ಸೋಮವಾರ

ಲಚ್ಯಾಣ, ತಾ. ಇಂಡಿ
ಮಂಗಳವಾರ, ೧೬-೮-೧೯೭೭

ನನ್ನ ಮನೆಯವರಿಗೆ, ಚನ್ನವ್ವ ಮಾಡುವ ಶರಣಾರ್ಥಿ.

ನಿಮ್ಮ ಸೊಂಟದ ನೋವು ಹೇಗಿದೆ? ಕುವೈತಿನ ಬಿಸಿಲಿಗೆ ತಲೆಗೆ ವಸ್ತ್ರ ಸುತ್ತಿಕೊಳ್ಳುತ್ತೀರೋ ಇಲ್ಲವೋ? ಇಲ್ಲಿ ಅತ್ತೆ, ನಾನು, ಎತ್ತುಗಳು ಆರಾಮ. ಮಾವನವರ ಸುದ್ದಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮನ್ನು ಬೈಯಬೇಕು. ಶುಕ್ರವಾರ ಅಲ್ಲಿ ಸೂಟಿ, ರವಿವಾರ ಮುಂಬಯಿ ಬಂದರಿಗೆ ಸೂಟಿ, ಹದಿನೈದನೇ ತಾರೀಖು ದೇಶಕ್ಕೆಲ್ಲ ಸೂಟಿ, ಹಡಗು ಹೊರಡುವುದು ಬುಧವಾರ, ಅದಕ್ಕೇ ಅಲ್ಲಿಯ ಸಾಹುಕಾರ ತರಿಸುವ ನಮ್ಮ ಹೊಲದ ನಿಂಬೆಯ ಬುಟ್ಟಿಗಳು ಸೋಮವಾರವೇ ರೈಲು ಹತ್ತಬೇಕು ಎಂದು ಬರೆದಿರಿ. ಎರಡು ದೇಶದ ಸೂಟಿ ಎಣಿಸಿದ ಜಾಣರು ಮನೆಯ ಸೋಮವಾರ ಮರೆತಿರಲ್ಲ! ಅದು ಬಸವಣ್ಣನ ವಾರ, ಅಂದು ನಾವು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಎಂದು ನಿಮಗೆ ನಾನು ಹೇಳಿಕೊಡಬೇಕೇ?

ಟೆಂಪೊ ಇದೆಯಲ್ಲ ಎಂದು ಧೈರ್ಯವಾಗಿದ್ದೆ. ನಿನ್ನೆ ಬೆಳಗ್ಗೆ ನೋಡಿದರೆ ಹಾಜಿಮಲಂಗನ ಟೆಂಪೊ ಝೆಂಡಾ ವಂದನೆಗೆ ಮಕ್ಕಳನ್ನು ತುಂಬಿಕೊಂಡು ಇಂಡಿಗೆ ಹೋಗಿಬಿಟ್ಟಿದೆ. ತುಂಬಿಟ್ಟ ಬುಟ್ಟಿಗಳು ಅಂಗಳದಲ್ಲೇ ಉಳಿದವು. ಈ ಹಡಗು ತಪ್ಪಿದರೆ ನಿಮ್ಮನ್ನು ಕೆಲಸದಿಂದ ತೆಗೆಯುವುದಾಗಿ ಸಾಹುಕಾರ ಅಂದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಪತ್ರಗಳನ್ನು ಗಟ್ಟಿಯಾಗಿ ಓದುವವಳು ನಾನೇ. ಶುಕ್ರವಾರ ಊರಿಗೆಲ್ಲ ಸೂಟಿ, ನನಗಿಲ್ಲ ಎಂದು ನೀವು ಬರೆದದ್ದನ್ನೂ ಓದಿದ್ದೆ. ಓದುವಾಗ ಮಾವನವರು ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಾರೆ. ಅವರ ಮಾತು ಮೀರಿ ನೀವು ಹೋದಾಗಿನಿಂದ, ಎರಡು ವರ್ಷ, ನಿಮ್ಮ ಹೆಸರೆತ್ತಿಲ್ಲ.

ನಿನ್ನೆ ಅವರೇ ಎದ್ದು ಬಂಡಿಗೆ ಬುಟ್ಟಿ ಏರಿಸತೊಡಗಿದರು. ಎತ್ತು ಹೂಡಿಯಾರೆಂದು ಅತ್ತೆ ಅಡ್ಡ ನಿಂತರು. ಮಾವನವರು ಎತ್ತುಗಳ ಕಡೆ ನೋಡಲೂ ಇಲ್ಲ. ರುಮಾಲು ಬಿಚ್ಚಿ ಹೆಗಲ ಮೇಲೆ ಮಡಿಚಿಟ್ಟು, ನೊಗಕ್ಕೆ ತಾವೇ ಹೆಗಲು ಕೊಟ್ಟರು! ಅರವತ್ತೆಂಟು ವರ್ಷದವರು! ಓಣಿಯವರೆಲ್ಲ ಬಾಯಿಯ ಮೇಲೆ ಕೈಯಿಟ್ಟು ನಿಂತರು. ನಮ್ಮ ಹೊಲದಲ್ಲಿ ದುಡಿಯುವ ಮಾನಪ್ಪ ಓಡಿಬಂದು "ಯಪ್ಪಾ, ಏನ್ ಮಾಡಾಕತ್ತೀರಿ, ಬಿಡ್ರಿ" ಎಂದು ಕೂಗಿದ. ಬಿಡಲಿಲ್ಲ. ಕೊನೆಗೆ ನೊಗದ ಇನ್ನೊಂದು ಬದಿಗೆ ತಾನು ನಿಂತ. ನಾನು ಸೆರಗು ಸಿಕ್ಕಿಸಿ ಹಿಂದಿನಿಂದ ನೂಕಿದೆ. ಸ್ಟೇಷನ್ ಮುಟ್ಟುವವರೆಗೆ ನನಗೆ ಅಳು ನಿಲ್ಲಲಿಲ್ಲ. ರೈಲು ಸಿಕ್ಕಿತು.

ಅವರ ಹೆಗಲ ಚರ್ಮ ಸುಲಿದಿದೆ, ಅರಿಷಿಣ ಹಚ್ಚಿದ್ದೇನೆ. ಗಾಬರಿಯಾಗಬೇಡಿ. ಅತ್ತೆಯವರ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ,
ಚನ್ನವ್ವ

ತಾ.ಕ.: ಪಾಕೀಟು ಅಂಟಿಸುವಾಗ ಮಾವನವರು ಹತ್ತಿರ ಬಂದು ಕೂತರು. "ನನ್ನ ಎತ್ತಿಗೆ ಸೋಮವಾರ ಐತಿ. ನನ್ನ ಮಗಗ ಯಾವ ವಾರ ಐತಿ, ಕೇಳಿ ಬರಿ ಯವ್ವಾ" ಅಂದರು. ಉತ್ತರ ಅವರ ಹೆಸರಿಗೇ ಬರೆಯಿರಿ.